ಸಾಲಿನಲ್ಲಿ ಕಾಣದ ಹನ್ನೊಂದು ಮನೆಯವರು

ನಾನು ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸಕ್ಕೆ ಸೇರಿದ ದಿನ ನನ್ನ ಪದವಿಯ ಮೂಲ ಪ್ರಮಾಣಪತ್ರಗಳನ್ನು ಒಂದು ಹಸಿರು ಫೈಲಿಗೆ ಹಾಕಿ, ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಎರಡು ವರ್ಷದವರೆಗೆ ಕೆಲಸ ಬಿಟ್ಟು ಹೋಗುವುದಿಲ್ಲ ಎಂದು ಬರೆದುಕೊಟ್ಟಿದ್ದೆ. ಅಲ್ಲಿಯವರೆಗೆ ಕಾಗದಗಳು ಅವರ ಹತ್ತಿರ. ನನಗಾಗ ಮೂವತ್ತೆಂಟು ವರ್ಷ. ಮಗಳು ಹುಟ್ಟಿದ ಮೇಲೆ ಹತ್ತು ವರ್ಷ ಮನೆಯಲ್ಲೇ ಇದ್ದು, ಆಮೇಲೆ ಪುಣೆಯ ಕೋಥರೂಡದ ನಮ್ಮ ವಸತಿ ಸೊಸೈಟಿಯ ಹಿಂದಿನ ಗಲ್ಲಿಯ ಕ್ಲಾಸೊಂದರಲ್ಲಿ ಎಂಟು ತಿಂಗಳು ಜಾವಾ ಎಂಬ ಕಂಪ್ಯೂಟರ್ ಭಾಷೆ ಕಲಿತಿದ್ದೆ. ಸಂದರ್ಶನಕ್ಕೆ ಹೋದಲ್ಲೆಲ್ಲ ನನ್ನ ಹತ್ತು ವರ್ಷದ ಖಾಲಿ ಜಾಗದ ಮೇಲೆ ಬೆರಳಿಟ್ಟು ಕೇಳುತ್ತಿದ್ದರು. ಇವರು ಮಾತ್ರ ಕೇಳಲಿಲ್ಲ. ಅದಕ್ಕೇ ಫೈಲು ಕೇಳಿದಾಗ ನಾನೂ ಹಿಂದೆಮುಂದೆ ನೋಡದೆ ಕೊಟ್ಟುಬಿಟ್ಟೆ.

ಆಫೀಸು ಖರಾಡಿಯಲ್ಲಿ, ಒಂದು ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ. ಕಿಟಕಿಗಳು ದೊಡ್ಡವು, ಆದರೆ ತೆರೆಯುವಂಥವಲ್ಲ. ಕೋಥರೂಡದಿಂದ ಬೆಳಿಗ್ಗೆ ಏಳೂಕಾಲಿಗೆ ಕಂಪನಿಯ ಬಸ್ಸು ಹತ್ತಿದರೆ ಊರನ್ನು ಅಡ್ಡಡ್ಡ ಸೀಳಿಕೊಂಡು ಒಂಬತ್ತರ ಹೊತ್ತಿಗೆ ತಲುಪುತ್ತಿತ್ತು. ಸಂಜೆ ಮತ್ತೆ ಅಷ್ಟೇ. ಮಳೆ ಬಂದರೆ ಅದಕ್ಕೂ ಹೆಚ್ಚು. ಇಡೀ ದಿನದಲ್ಲಿ ನನ್ನ ಮೈಗೆ ಹೊರಗಿನ ಗಾಳಿ ತಾಗುತ್ತಿದ್ದುದು ಬಸ್ ನಿಲ್ದಾಣದಿಂದ ಮನೆಗೆ ನಡೆಯುವ ಏಳೆಂಟು ನಿಮಿಷ.

ನಮ್ಮ ತಂಡದಲ್ಲಿ ನನಗೆ ಕೆಲಸ ಹೇಳಿಕೊಡುತ್ತಿದ್ದವರು ಬೆಂಗಳೂರಿನವರು. ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವರು, ಅನುಭವದಲ್ಲಿ ಹಿರಿಯರು. ನಾನು ಕನ್ನಡದವಳೆಂದು ಗೊತ್ತಾದ ದಿನ ಬಹಳ ಸಂತೋಷಪಟ್ಟರು, ಆದರೆ ನನ್ನ ಕನ್ನಡ ಕೇಳಿ ಅರ್ಧ ನಕ್ಕರು. ನನ್ನ ತಂದೆ ವಿಜಯಪುರದ ಕಡೆಯಿಂದ ಒಬ್ಬರೇ ಪುಣೆಗೆ ಬಂದು ಗುಮಾಸ್ತರಾಗಿ ಸೇರಿದವರು. ನಾವು ಮನೆಯೊಳಗೆ ಆ ಕಡೆಯ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ ಆಡಿಕೊಂಡೇ ಬೆಳೆದವರು. ಅವರಿಗೆ ನನ್ನ ‘ಅದ’, ‘ಭಾಳ’ ಎಲ್ಲ ಹೊಸತು. ನನಗೆ ಅವರ ಕನ್ನಡದೊಳಗಿನ ಇಂಗ್ಲಿಷು ಹೊಸತು. ಹೇಗೋ ಹೊಂದಿಕೊಂಡೆವು.

ನನಗೆ ಕೊಟ್ಟ ಮೊದಲ ಸ್ವತಂತ್ರ ಕೆಲಸ ಸಣ್ಣದು. ನದಿಯಾಚೆ ದೊಡ್ಡ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿದ್ದ ಒಬ್ಬ ಬಿಲ್ಡರ್ ತನ್ನ ಕೂಲಿಕಾರರಿಗಾಗಿ ತಗಡಿನ ಶೆಡ್ಡುಗಳ ಪಕ್ಕದಲ್ಲಿ ಒಂದಿಷ್ಟು ಇಟ್ಟಿಗೆಯ ಕೋಣೆಗಳನ್ನೂ ಕಟ್ಟಿಸಿದ್ದ. ಕುಟುಂಬ ಸಮೇತ ಇರುವವರಿಗೆ ಆ ಕೋಣೆಗಳು. ಕೋಣೆ ಕಡಿಮೆ, ಅರ್ಜಿ ಹೆಚ್ಚು. ತಿಂಗಳಿಗೆ ಮೂರೋ ನಾಲ್ಕೋ ಕೋಣೆ ಖಾಲಿಯಾಗುತ್ತಿದ್ದವು. ಯಾರಿಗೆ ಕೊಡಬೇಕೆಂಬ ಜಗಳ ತಪ್ಪಿಸಲು ಕಂಪ್ಯೂಟರಿನಿಂದಲೇ ಸರದಿ ಪಟ್ಟಿ ಬರಲಿ ಎಂದು ಅವನ ಆಸೆ. ನಿಯಮ ಎರಡೇ ಸಾಲು: ಮೊದಲು ಕೆಲಸಕ್ಕೆ ಸೇರಿದವರು ಮುಂದೆ, ಸೇರಿದ ದಿನ ಒಂದೇ ಆಗಿದ್ದರೆ ಮೊದಲು ಅರ್ಜಿ ಕೊಟ್ಟವರು ಮುಂದೆ.

ಜಾವಾದಲ್ಲಿ ಇದಕ್ಕೆ ಹೇಳಿಮಾಡಿಸಿದಂಥದ್ದು ಒಂದಿದೆ, ಟ್ರೀಸೆಟ್ ಎನ್ನುತ್ತಾರೆ. ಒಳಗೆ ಹಾಕಿದ್ದನ್ನೆಲ್ಲ ಅದು ತಾನಾಗಿಯೇ ಕ್ರಮದಲ್ಲಿ ನಿಲ್ಲಿಸಿಕೊಳ್ಳುತ್ತದೆ. ಯಾರು ಮುಂದೆ, ಯಾರು ಹಿಂದೆ ಎಂದು ಇಬ್ಬಿಬ್ಬರನ್ನು ಹೋಲಿಸಿ ನೋಡುವ ನಿಯಮವನ್ನು ನಾವು ಬರೆದುಕೊಟ್ಟರೆ ಸಾಕು. ಆಮೇಲೆ ಒಂದು ಲೂಪ್ ಬರೆದು ಮೊದಲನೆಯವರಿಂದ ಕೊನೆಯವರ ತನಕ ಒಬ್ಬೊಬ್ಬರನ್ನೇ ತೆಗೆದು ನೋಡುತ್ತಾ ಹೋಗಬಹುದು. ಖಾಲಿ ಕೋಣೆ ಇರುವವರೆಗೆ ಕೊಡು, ಮುಗಿದರೆ ಉಳಿದವರ ಹೆಸರನ್ನು ಕ್ರಮವಾಗಿ ಅಚ್ಚು ಹಾಕು. ಅಷ್ಟೇ ನನ್ನ ಕೋಡು.

ಮೊದಲ ಸಲ ಓಡಿಸಿದಾಗ ಅದು ಅರ್ಧಕ್ಕೇ ಬಿದ್ದುಹೋಯಿತು. ಪರದೆಯ ತುಂಬ ಕೆಂಪು ಅಕ್ಷರ. ಕೋಣೆ ಸಿಕ್ಕವರನ್ನು ಲೂಪಿನ ಒಳಗಿದ್ದುಕೊಂಡೇ ಪಟ್ಟಿಯಿಂದ ತೆಗೆಯಲು ಹೋಗಿದ್ದೆ. ಓದುತ್ತಿರುವಾಗಲೇ ಪಟ್ಟಿ ಬದಲಾದರೆ ಜಾವಾ ಒಪ್ಪುವುದಿಲ್ಲ, ಅಲ್ಲಿಗೇ ನಿಲ್ಲಿಸುತ್ತದೆ. ಆ ಬೆಂಗಳೂರಿನ ಹಿರಿಯರು ಬಂದು ನೋಡಿ, “ಮೇಡಂ, ಡೈರೆಕ್ಟಾಗಿ ತೆಗೀಬಾರ್ದು. ಇಟರೇಟರ್ ಕೈಲೇ ರಿಮೂವ್ ಮಾಡಿಸ್ಬೇಕು” ಎಂದು, ಪಟ್ಟಿ ಓದುತ್ತ ಹೋಗುವ ಆ ಇಟರೇಟರಿಗೇ ತೆಗೆಯುವ ಕೆಲಸವನ್ನೂ ವಹಿಸಿ ಎರಡು ಸಾಲು ತಿದ್ದಿಕೊಟ್ಟರು. ಆಮೇಲೆ ಬಹಳ ಚೆನ್ನಾಗಿ ನಡೆಯಿತು. ನಾನು ಕಲ್ಪಿಸಿಕೊಂಡ ಹತ್ತು ಜನ ಕೂಲಿಕಾರರನ್ನು ಒಳಗೆ ಹಾಕಿ ಪರೀಕ್ಷೆ ಮಾಡಿದೆ. ಹತ್ತು ಜನವೂ ಹತ್ತು ಬೇರೆಬೇರೆ ದಿನ ಕೆಲಸಕ್ಕೆ ಸೇರಿದವರು. ಪಟ್ಟಿ ಸರಿಯಾಗಿ ಬಂತು. ಹಿರಿಯರು ಓದಿ ಒಪ್ಪಿಗೆ ಕೊಟ್ಟರು. ಏಪ್ರಿಲಿನ ಒಂದನೇ ತಾರೀಖಿನಿಂದ ನನ್ನ ಪಟ್ಟಿಯೇ ಸೈಟಿನ ಗೋಡೆಗೆ ಅಂಟತೊಡಗಿತು. ಮನೆಗೆ ಹೋಗುವಾಗ ಬೇಕರಿಯಿಂದ ಪಾವು ಕಿಲೋ ಪೇಢೆ ಕೊಂಡಿದ್ದೆ. ಮಗಳು ಯಾಕೆ ಎಂದು ಕೇಳಿದಾಗ ಒಂದನ್ನು ಅವಳ ಬಾಯಿಗಿಟ್ಟೆ.

ಆಗಸ್ಟಿನಲ್ಲಿ ಮ್ಯಾನೇಜರು ನನ್ನನ್ನು ಕರೆದರು. ಅವರು ಪುಣೆಯವರೇ, ಮರಾಠಿಯಲ್ಲಿ ನಿಧಾನವಾಗಿ ಮಾತಾಡುವ ಮನುಷ್ಯ. ಸೈಟಿನಲ್ಲಿ ಕೂಲಿಕಾರರು ಪಟ್ಟಿಯ ಬಗ್ಗೆ ತಕರಾರು ತೆಗೆದಿದ್ದಾರಂತೆ, ತಕರಾರು ಮಾಡುವವರೆಲ್ಲ ಕರ್ನಾಟಕದವರಂತೆ, ನೀವು ಹೋಗಿ ಅವರ ಭಾಷೆಯಲ್ಲೇ ತಿಳಿಸಿ ಹೇಳಿ ಬನ್ನಿ ಎಂದರು. ಏನು ತಿಳಿಸಬೇಕು ಎಂದು ಕೇಳಿದೆ. “ಕಂಪ್ಯೂಟರಿಗೆ ತನ್ನವರು, ಪರರು ಅಂತ ಇರೋದಿಲ್ಲ. ಅಷ್ಟು ಹೇಳಿದರೆ ಸಾಕು” ಎಂದರು.

ನಾನು ಹೋದ ದಿನ ಬೆಳಿಗ್ಗೆಯಿಂದ ಮಳೆ. ಸೈಟಿನ ಅಧಿಕಾರಿ ನನಗೊಂದು ಹಳದಿ ಹೆಲ್ಮೆಟ್ಟು ಕೊಟ್ಟು ಶೆಡ್ಡುಗಳ ಕಡೆ ಕಳಿಸಿದ. ಕೆಸರಿನ ಮೇಲೆ ಹಲಗೆ ಹಾಸಿದ್ದರು. ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಮಾತು ಕೇಳುತ್ತಿರಲಿಲ್ಲ. ಐದಾರು ಹೆಂಗಸರು ಸೇರಿದರು. ಅವರ ಪರವಾಗಿ ಮಾತಾಡಿದವಳಿಗೆ ಮೂವತ್ತರ ಆಸುಪಾಸು. ಸೆರಗಿನೊಳಗೆ ಎರಡು ತಿಂಗಳ ಕೂಸು. ಯಾದಗಿರಿ ಕಡೆಯವಳು. ನಾನು ಕನ್ನಡದಲ್ಲಿ ಮಾತು ತೆಗೆದ ಕೂಡಲೇ ಅವಳು ನನ್ನ ಕೈ ಹಿಡಿದು ಶೆಡ್ಡಿನೊಳಗೆ ಎಳೆದುಕೊಂಡಳು.

“ಕುಂದರ್ರಿ ಅಕ್ಕೋರ. ನೀವು ನಮ್ಮ ಕಡೀದವರ ಇದ್ದೀರಿ, ಛಲೋ ಆತು. ನಾವು ಹನ್ನೆರಡು ಮನಿ ಮಂದಿ ಒಂದ ದಿನ ಈ ಸೈಟಿಗಿ ಬಂದೀವ್ರಿ. ಇಲ್ಲಿ ಬುನಾದಿ ತೋಡೂ ಮುಂದ ಬಂದವರು. ಅರ್ಜಿನೂ ಎಲ್ಲಾರೂ ಒಂದ ಐತವಾರ ಕೊಟ್ಟೀವಿ. ನಮಗಿಂತ ಹಿಂದ ಬಂದವರಿಗಿ ಖೋಲಿ ಸಿಕ್ಕಾವ. ನಮ್ಮ ಹೆಸರ ಬರವಲ್ಲದು.”

“ಸರದಿ ಪ್ರಕಾರ ಬರ್ತಾವ್ರಿ” ಎಂದೆ. “ಕಂಪ್ಯೂಟರ್ ಬರೋಬ್ಬರಿ ಅದ. ಅದಕ್ಕ ಅವರಾದರ ಏನು, ಇವರಾದರ ಏನು?”

“ನನಗ ಖೋಲಿ ದೊಡ್ಡದು ಬೇಕಂತ ಇಲ್ರಿ. ಬಾಗಿಲ ಇರೂ ಬಚ್ಚಲ ಬೇಕಾಗ್ಯಾದ. ಬಾಣಂತಿ ಇದ್ದೀನಿ. ಇಲ್ಲಿ ಗೋಣಿತಟ್ಟ ಕಟ್ಟಿ ನೀರ ಹಾಕೊಳ್ಳಾಕ ಹತ್ತೀವಿ. ಗಾಳಿ ಬಂದರ ಅದೂ ಹಾರತದ.”

ಅವಳು ತಗಡಿಗೆ ಸಿಕ್ಕಿಸಿದ್ದ ಪ್ಲಾಸ್ಟಿಕ್ ಚೀಲದಿಂದ ಅರ್ಜಿಯ ಚೀಟಿ ತೆಗೆದು ತೋರಿಸಿದಳು. ನಂಬರಿತ್ತು, ಸಹಿಯಿತ್ತು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದಳು: ಪಟ್ಟಿಯಲ್ಲಿ ಪ್ರತಿ ತಿಂಗಳೂ ಮೊದಲನೆಯ ಹೆಸರು ಅವರ ಗುಂಪಿನ ಮೇಸ್ತ್ರಿಯದೇ ಇರುತ್ತದೆ. ಅವನು ಅವಳ ಗಂಡನಿಗೆ ದೊಡ್ಡಪ್ಪನ ಮಗ. ಅವನ ಹೆಂಡತಿ ಊರಿನಲ್ಲಿದ್ದಾಳೆ, ಬಂದ ಮೇಲೆ ಕೋಣೆ ತೆಗೆದುಕೊಳ್ಳುತ್ತೇನೆಂದು ಹೇಳಿ ಪ್ರತಿ ಸಲವೂ ಮುಂದಕ್ಕೆ ಹಾಕುತ್ತಾನೆ. ತನಗೆ ಸಿಗುವವರೆಗೆ ಉಳಿದವರ ಹೆಸರು ಬರದಂತೆ ಅವನೇ ಆಫೀಸಿನಲ್ಲಿ ಹೇಳಿ ತಡೆದಿದ್ದಾನೆಂದು ಗುಂಪಿನವರಿಗೆಲ್ಲ ಅನುಮಾನ.

“ಹಂಗ ಯಾರಿಗೂ ತಡೀಲಿಕ್ಕೆ ಬರೂದಿಲ್ರಿ” ಎಂದೆ.

“ಆಗಲಿ ಬಿಡ್ರಿ. ನನ್ನ ಮುಂದ ಎಷ್ಟ ಮಂದಿ ಅದಾರ, ಅದನ್ನರೆ ನೋಡಿ ಹೇಳ್ರಿ. ಇಪ್ಪತ್ತಂದರ ಇಪ್ಪತ್ತು. ಕಾಯತೀನಿ.”

ಇದು ಬಹಳ ಸಣ್ಣ ಕೋರಿಕೆ. ಅವಳ ಚೀಟಿಯ ನಂಬರನ್ನು ಕೈಮೇಲೆ ಪೆನ್ನಿನಿಂದ ಬರೆದುಕೊಂಡು ವಾಪಸು ಬಂದೆ.

ಮರುದಿನ ಆಫೀಸಿನಲ್ಲಿ ಪಟ್ಟಿ ತೆರೆದು ಆ ನಂಬರನ್ನು ಹುಡುಕಿದೆ. ಇರಲಿಲ್ಲ. ತಪ್ಪು ಬರೆದುಕೊಂಡೆನೇನೋ ಎಂದು ಮೂಲ ಅರ್ಜಿಗಳ ದಾಖಲೆಯಲ್ಲಿ ನೋಡಿದೆ. ಅಲ್ಲಿ ಇತ್ತು. ಹೆಸರು, ಊರು, ಸೇರಿದ ದಿನ, ಎಲ್ಲ ಇತ್ತು. ಪಟ್ಟಿಯಲ್ಲಿ ಮಾತ್ರ ಇಲ್ಲ. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ, ಕೊನೆಯಲ್ಲೂ ಇಲ್ಲ. ಅವಳ ಗುಂಪಿನ ಹನ್ನೆರಡು ಅರ್ಜಿಗಳಲ್ಲಿ ಮೇಸ್ತ್ರಿಯದೊಂದೇ ಪಟ್ಟಿಯಲ್ಲಿತ್ತು.

ಪ್ರೋಗ್ರಾಮನ್ನು ಹೆಜ್ಜೆಹೆಜ್ಜೆಗೂ ನಿಲ್ಲಿಸುತ್ತ ಓಡಿಸಿ ನೋಡಲು ಒಂದು ದಾರಿಯಿದೆ. ಹಾಗೆ ಮಾಡಿದೆ. ಮೇಸ್ತ್ರಿಯ ಅರ್ಜಿಯನ್ನು ಒಳಗೆ ಹಾಕು ಎಂದಾಗ ಟ್ರೀಸೆಟ್ ‘ಹೌದು’ ಎಂದಿತು. ಎರಡನೆಯದನ್ನು ಹಾಕು ಎಂದಾಗ ‘ಇಲ್ಲ’ ಎಂದಿತು. ಮೂರನೆಯದಕ್ಕೂ ಇಲ್ಲ. ಹನ್ನೊಂದು ಸಲ ಇಲ್ಲ ಎಂದಿತು. ಆ ಉತ್ತರವನ್ನು ಕೇಳಿಸಿಕೊಳ್ಳುವ ಒಂದೇ ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಸೇರಿದ ದಿನ ಒಂದೇ, ಅರ್ಜಿ ಕೊಟ್ಟ ದಿನವೂ ಒಂದೇ. ನಾನು ಬರೆದುಕೊಟ್ಟ ನಿಯಮದ ಪ್ರಕಾರ ಇವರಲ್ಲಿ ಯಾರೂ ಮುಂದಲ್ಲ, ಯಾರೂ ಹಿಂದಲ್ಲ. ಮುಂದೆ ಹಿಂದೆ ಎರಡೂ ಅಲ್ಲವೆಂದರೆ ಇಬ್ಬರೂ ಒಬ್ಬರೇ ಎಂದು ಟ್ರೀಸೆಟ್ ತಿಳಿಯುತ್ತದೆ. ಒಬ್ಬರನ್ನೇ ಎರಡು ಸಲ ಅದು ಇಟ್ಟುಕೊಳ್ಳುವುದಿಲ್ಲ. ಕೆಂಪು ಅಕ್ಷರವಿಲ್ಲ, ಬೀಳುವುದಿಲ್ಲ, ನಿಲ್ಲುವುದಿಲ್ಲ. ಲೂಪ್ ತನ್ನ ಪಾಡಿಗೆ ತಾನು ಒಳಗಿರುವವರನ್ನೆಲ್ಲ ತಪ್ಪದೆ ಓದುತ್ತದೆ. ಒಳಗೇ ಬರದವರು ಅದಕ್ಕೆ ಹೇಗೆ ಗೊತ್ತಾಗಬೇಕು?

ಮೇಸ್ತ್ರಿ ಕೋಣೆ ತೆಗೆದುಕೊಂಡು ಪಟ್ಟಿ ಬಿಟ್ಟಿದ್ದರೆ ಎರಡನೆಯವರ ಹೆಸರು ಅವನ ಜಾಗಕ್ಕೆ ಬರುತ್ತಿತ್ತು. ಅವನು ಮುಂದಕ್ಕೆ ಹಾಕುತ್ತಿದ್ದ. ಹಾಗಾಗಿ ಹನ್ನೊಂದು ಮನೆಯವರು ಅವನ ಹಿಂದೆಯೇ ಕಾಣದೆ ಉಳಿದಿದ್ದರು.

ನಾನು ಕುರ್ಚಿಯಲ್ಲಿ ಕೂತೇ ಇದ್ದೆ. ಪರೀಕ್ಷೆಗಾಗಿ ನಾನು ಹುಟ್ಟಿಸಿದ ಆ ಹತ್ತು ಜನ ನೆನಪಾದರು. ಒಬ್ಬೊಬ್ಬರೂ ಒಂದೊಂದು ದಿನ ಬಂದವರು. ನಮ್ಮ ತಂದೆ ಹಾಗೆ ಬಂದಿದ್ದರು, ಒಂದು ಟ್ರಂಕು ಹಿಡಿದು, ಒಬ್ಬರೇ. ಊರು ಬಿಟ್ಟವರು ಹಾಗೇ ಬರುತ್ತಾರೆಂದು ನನ್ನ ತಲೆಯಲ್ಲಿತ್ತು. ಟೆಂಪೋ ತುಂಬ, ಪಾತ್ರೆ ಹಾಸಿಗೆ ಕಟ್ಟಿಕೊಂಡು, ಹನ್ನೆರಡು ಮನೆ ಒಟ್ಟಿಗೇ ಬಂದಿಳಿಯುತ್ತವೆ ಎಂದು ಹೊಳೆದಿರಲೇ ಇಲ್ಲ. ದಾಖಲೆಗಳನ್ನೆಲ್ಲ ತೆರೆದು ನೋಡಿದೆ. ಒಟ್ಟಿಗೆ ಬಂದ ಬೇರೆ ಗುಂಪುಗಳದೂ ಇದೇ ಕಥೆ. ಅವರದು ತಡವಾಗಿಯಾದರೂ ಒಂದೊಂದಾಗಿ ಬರುತ್ತಿತ್ತು. ಪೂರ್ತಿ ಸಿಕ್ಕಿಕೊಂಡವರು ಇವರೇ.

ಹಿರಿಯರನ್ನು ಕರೆದು ತೋರಿಸಿದೆ. ಅವರು ಬಗ್ಗಿ ನೋಡಿದರು, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು.

“ನಾನೂ ರಿವ್ಯೂ ಮಾಡಿ ಓಕೆ ಅಂದಿದ್ದೀನಿ ಇದನ್ನ” ಎಂದರು. “ನಂಗೆ ಹೊಳೀಲಿಲ್ಲ ನೋಡಿ. ಈಗೇನು, ಅರ್ಜಿ ನಂಬರನ್ನೂ ಹೋಲಿಸೋ ಹಾಗೆ ಒಂದು ಸಾಲು ಸೇರಿಸಿದ್ರೆ ಆಯ್ತು. ಸೈಲೆಂಟಾಗಿ ಹಾಕ್ಬಿಡೋಣ.”

“ಐದು ತಿಂಗಳ ಪಟ್ಟಿ ತಪ್ಪಾಗ್ಯಾವಲ್ರಿ. ಅವರಿಗೆ ಹೇಳಬೇಡವೇನು?”

“ಮ್ಯಾನೇಜರ್‌ನ ಕೇಳಿ ಮೇಡಂ.”

ಮ್ಯಾನೇಜರು ಪೂರ್ತಿ ಕೇಳಿಸಿಕೊಂಡರು. ಸಿಟ್ಟು ಮಾಡಲಿಲ್ಲ. ಸರಿಪಡಿಸಿ, ಒಳ್ಳೆಯದಾಯಿತು ಎಂದರು. ಆದರೆ ಬಿಲ್ಡರಿಗೆ ತಪ್ಪಿನ ವಿಷಯ ಹೋಗಕೂಡದು. ಹಳೆಯ ಪಟ್ಟಿಗಳನ್ನು ಯಾರೂ ಮತ್ತೆ ತೆರೆಯಬೇಕಾಗಿಲ್ಲ. ನಿನ್ನೆಯ ಭೇಟಿಯ ಬಗ್ಗೆ ಅವರು ವರದಿ ಕೇಳಿದ್ದಾರೆ, ಪ್ರೋಗ್ರಾಮು ನಿಯಮದ ಪ್ರಕಾರವೇ ನಡೆಯುತ್ತಿದೆ ಎಂದು ನೀವೇ ಬರೆದು ಕಳಿಸಿ. “ಅದು ಸುಳ್ಳೂ ಅಲ್ಲವಲ್ಲ” ಎಂದರು. “ಅವರು ಕೊಟ್ಟ ನಿಯಮ ಎರಡು ಸಾಲು. ನೀವು ಬರೆದದ್ದೂ ಅದೇ ಎರಡು ಸಾಲು.”

ನಾನು ಬರೆದೆ. ನನ್ನ ಹೆಸರು ಹಾಕಿಯೇ ಕಳಿಸಿದೆ.

ಅಂದು ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದೆ. ಸೇತುವೆಯ ಮೇಲೆ ಮುಕ್ಕಾಲು ಗಂಟೆ ಬಸ್ಸು ಅಲುಗಲಿಲ್ಲ. ಇಳಿದು ನಡೆದುಬಿಡೋಣವೆನಿಸಿತು, ಆದರೆ ನಿಲ್ದಾಣವಿಲ್ಲದಲ್ಲಿ ಬಾಗಿಲು ತೆರೆಯುವುದಿಲ್ಲವೆಂಬುದು ಡ್ರೈವರನಿಗಿದ್ದ ಕಟ್ಟಪ್ಪಣೆ. ಮನೆಗೆ ಬಂದು ಗಂಡನಿಗೆ ಹೇಳಿದೆ. ಅವರು ತಿಳಿವಳಿಕಸ್ಥರು, ನನ್ನ ಕೆಲಸಕ್ಕೆ ಎಂದೂ ಅಡ್ಡ ಬಂದವರಲ್ಲ. ಊಟದ ತಟ್ಟೆಯ ಮೇಲೆ ಕೈಯಿಟ್ಟುಕೊಂಡು, “ಕಾಗದ ಅವರ ಕಡೆ ಅವ. ಇನ್ನೂ ಒಂದ ವರ್ಷದ ಮ್ಯಾಲ ಅದ. ಸರಿ ಮಾಡೀದಿ ಹೌದಿಲ್ಲೋ, ಇನ್ನ ಸುಮ್ಮನಿರು” ಎಂದರು. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲು ನನಗಾಗಲಿಲ್ಲ.

ಸುಮ್ಮನಿರಲು ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆನೋ ಏನೋ. ಸೆಪ್ಟೆಂಬರಿನ ಒಂದನೇ ತಾರೀಖು ತಿದ್ದಿದ ಕೋಡಿನಿಂದ ಹೊಸ ಪಟ್ಟಿ ಹೋಯಿತು. ಅದರಲ್ಲಿ ಮೊದಲ ಹನ್ನೆರಡು ಹೆಸರು ಒಂದೇ ಗುಂಪಿನವು. ಹಿಂದಿನ ತಿಂಗಳು ಇದ್ದದ್ದು ಒಂದು. ಎರಡನೇ ನಂಬರಿನಲ್ಲಿ ನಿಂತು ಕೋಣೆ ಬಂದೇಬಿಟ್ಟಿತೆಂದು ಕಾದಿದ್ದವನು ಒಮ್ಮೆಗೇ ಹದಿಮೂರಕ್ಕೆ ಇಳಿದಿದ್ದ. ಅವನು ಸುಮ್ಮನಿರುತ್ತಾನೆಯೇ? ಮಧ್ಯಾಹ್ನದೊಳಗೆ ಸೈಟಿನ ಅಧಿಕಾರಿ ಮ್ಯಾನೇಜರಿಗೆ ಫೋನು ಮಾಡಿದ. ಕಳೆದ ತಿಂಗಳು ನಿಮ್ಮ ಕನ್ನಡದ ಹೆಂಗಸು ಬಂದು ಶೆಡ್ಡಿನಲ್ಲಿ ಕೂತು ಮಾತಾಡಿ ಹೋದಳು, ಈ ತಿಂಗಳು ಕನ್ನಡದವರೆಲ್ಲ ಮೇಲೆ ಬಂದರು, ಇದೇನು ಎಂದು ಕೇಳಿದನಂತೆ. ಪಟ್ಟಿಯನ್ನು ಗೋಡೆಯಿಂದ ಕಿತ್ತು, ಕೋಣೆ ಕೊಡುವುದನ್ನೇ ನಿಲ್ಲಿಸಿದ್ದ. ಗುಂಪಿನವರು ಯಾರನ್ನೋ ಹಿಡಿದು ಕೆಲಸ ಮಾಡಿಸಿಕೊಂಡಿದ್ದಾರೆಂದು ಇಡೀ ಸೈಟಿನಲ್ಲಿ ಸುದ್ದಿಯಾಗಿತ್ತು.

ಮ್ಯಾನೇಜರು ನನ್ನನ್ನು ಕೂರಿಸಿಕೊಂಡು ಯೋಚಿಸಿದರು. “ಬಘೂ ಯಾ, ನೋಡೋಣ, ಗಾಬರಿಯಾಗಬೇಡಿ” ಎಂದರು. ನಾಳೆ ಸೈಟಿಗೆ ಹೋಗಬೇಕು. ಹೊಸ ನಿಯಮ ಸೇರಿಸಿದ್ದೇವೆ, ಅದಕ್ಕೆ ಹೀಗೆ ಬಂದಿದೆ, ಬೇಡವೆಂದರೆ ಹಳೆಯದಕ್ಕೇ ಹೋಗುತ್ತೇವೆ ಎಂದು ಹೇಳಬೇಕು.

“ಹಳೆಯದಕ್ಕೆ ಹೋದರೆ ಅವರ ಹೆಸರು ಮತ್ತೆ ಕಾಣೆಯಾಗುತ್ತವೆ” ಎಂದೆ ಮರಾಠಿಯಲ್ಲಿ.

“ಸದ್ಯಕ್ಕೆ” ಎಂದರು ಅವರು.

ನಿಜ ಹೇಳದಿದ್ದರೆ ನನ್ನವರೆಂದು ಪಕ್ಷಪಾತ ಮಾಡಿದವಳು ನಾನು. ಹೇಳಿದರೆ ಕಂಪನಿಯ ಮಾತು ಮೀರಿದವಳು. ಪಟ್ಟಿಯನ್ನು ಹಿಂದಕ್ಕೆ ತಿರುಗಿಸಿದರೆ, ತಪ್ಪೆಂದು ಗೊತ್ತಿದ್ದೂ ಅವಳ ಹೆಸರನ್ನು ಅಳಿಸಿದವಳು. ಮೊದಲ ಸಲ ಅಳಿಸಿದ್ದು ನನಗೆ ತಿಳಿಯದೆ. ಈ ಸಲ ನನ್ನ ಕೈಯಾರೆ ಆಗಬೇಕಿತ್ತು. ಹಿರಿಯರ ಕಡೆ ನೋಡಿದರೆ ಅವರು ಕಿವಿಗೆ ಹೆಡ್‌ಫೋನು ಹಾಕಿಕೊಂಡಿದ್ದರು. ಅದರಲ್ಲಿ ಹಾಡು ಬರುತ್ತಿರಲಿಲ್ಲವೆಂದು ನನಗೆ ಗೊತ್ತಿತ್ತು.

ಮರುದಿನ ಸೈಟಿನ ಅಧಿಕಾರಿಯ ಕ್ಯಾಬಿನ್ನಿಗೆ ಹೋದೆ. ಅದು ಹಡಗಿನ ಸರಕಿನ ಡಬ್ಬಿಯೊಂದಕ್ಕೆ ಬಾಗಿಲು ಕೊರೆದು ಮಾಡಿದ್ದು. ಒಳಗೆ ಒಂದು ಮೇಜು, ಎರಡು ಕುರ್ಚಿ. ಮೇಸ್ತ್ರಿಯನ್ನೂ ಆ ಹೆಂಗಸನ್ನೂ ಮೊದಲೇ ಕರೆಸಿ ಗೋಡೆಗೆ ನಿಲ್ಲಿಸಿದ್ದ. ಮೇಸ್ತ್ರಿಯನ್ನು ನಾನು ನೋಡಿದ್ದು ಅದೇ ಮೊದಲು. ಐವತ್ತು ದಾಟಿದ, ಬಡಕಲು ಮೈಯ ಮನುಷ್ಯ, ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಅಧಿಕಾರಿ ಅವರಿಬ್ಬರನ್ನೂ ತೋರಿಸಿ ನನ್ನನ್ನು ಕೇಳಿದ: “ಇವರಲ್ಲಿ ನಿಮ್ಮ ಪರಿಚಯದವರು ಯಾರು, ಮೊದಲು ಅದನ್ನು ಹೇಳಿ.”

ಹೊಸ ನಿಯಮ ಸೇರಿಸಿದ್ದೇವೆ ಎಂಬ ವಾಕ್ಯವನ್ನು ಬಸ್ಸಿನಲ್ಲಿ ಮರಾಠಿಯಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ. ಅವಳು ಕೂಸನ್ನು ಹೆಗಲ ಮೇಲೆ ಹಾಕಿಕೊಂಡು ನನ್ನನ್ನೇ ನೋಡುತ್ತಿದ್ದಳು. ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದವರನ್ನು ನಿಲ್ಲಿಸಿದ ಹಾಗೆ ನಿಲ್ಲಿಸಿದ್ದರು ಅವಳನ್ನು. ಆ ವಾಕ್ಯ ನನ್ನ ಬಾಯಿಂದ ಬರಲಿಲ್ಲ.

“ಪರಿಚಯದವರು ಯಾರೂ ಇಲ್ಲ. ತಪ್ಪು ನನ್ನದು” ಎಂದೆ. ಬಿಳಿ ಹಾಳೆ ಕೇಳಿ ತೆಗೆದುಕೊಂಡು ಹನ್ನೆರಡು ಚೌಕ ಬರೆದೆ. ಒಂದೇ ದಿನ ಬಂದು ಒಂದೇ ದಿನ ಅರ್ಜಿ ಕೊಟ್ಟವರನ್ನೆಲ್ಲ ನನ್ನ ಕೋಡು ಒಬ್ಬರೆಂದೇ ಎಣಿಸಿದ್ದನ್ನು, ಮೊದಲನೆಯವನನ್ನು ಇಟ್ಟುಕೊಂಡು ಉಳಿದವರನ್ನು ಬಿಟ್ಟದ್ದನ್ನು ಹೇಳಿದೆ. ಏಪ್ರಿಲಿನಿಂದ ಬಂದ ಪಟ್ಟಿಗಳೆಲ್ಲ ತಪ್ಪು, ಈ ತಿಂಗಳದ್ದು ಸರಿ ಎಂದೆ. ಅಧಿಕಾರಿ ಕಂಪ್ಯೂಟರಿನವನಲ್ಲ. ಆದರೆ ಅರ್ಜಿಗಳ ಕಟ್ಟು ಅವನ ಕಪಾಟಿನಲ್ಲೇ ಇತ್ತು. ತೆಗೆದು ಒಂದೊಂದಾಗಿ ಎಣಿಸಿದ. ಆಗಸ್ಟ್ ಪಟ್ಟಿಯ ಹೆಸರುಗಳನ್ನು ಎಣಿಸಿದ. ಎರಡು ಸಂಖ್ಯೆಗಳನ್ನೂ ಹಾಳೆಯ ಮೇಲೆ ಬರೆದು ಅಡಿಗೆರೆ ಎಳೆದ. “ಇದನ್ನು ನಾನೂ ಎಣಿಸಬಹುದಾಗಿತ್ತು” ಎಂದಷ್ಟೇ ಹೇಳಿದ.

ಮರಾಠಿಯಲ್ಲಿ ಹೇಳಿದ್ದನ್ನೆಲ್ಲ ಅವರಿಬ್ಬರಿಗೂ ಮತ್ತೆ ಕನ್ನಡದಲ್ಲಿ ಹೇಳಬೇಕಾಯಿತು. ಅದೇ ಹೆಚ್ಚು ಕಷ್ಟವಾದದ್ದು.

ಅವಳು ಕೇಳಿಸಿಕೊಂಡು, “ಹಂಗಾರ ಮೇಸ್ತ್ರಿ ಏನೂ ಮಾಡಿಲ್ಲ?” ಎಂದಳು.

“ಇಲ್ರಿ. ಅವರು ಏನೂ ಮಾಡಿಲ್ಲ.”

“ನೀವು ಆವತ್ತ ಕಂಪ್ಯೂಟರ್ ಬರೋಬ್ಬರಿ ಅದ ಅಂದಿದ್ದಿರಿ.”

“ಹೌದ್ರಿ. ಅಂದಿದ್ದೆ.”

ಅವಳು ಕೂಸನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡಳು. ಮೇಸ್ತ್ರಿ ಟೊಪ್ಪಿಗೆಯನ್ನು ತಿರುಗಿಸುತ್ತ ನಿಂತಿದ್ದ. ಅವನು ಮಾತಾಡಿದ್ದು ನನ್ನ ಜೊತೆಯಲ್ಲ, ನೆಲದ ಜೊತೆ.

“ಮೂರು ತಿಂಗಳಾತ್ರಿ, ನಮ್ಮವರು ಯಾರೂ ನನ್ನ ಸಂಗಟ ಉಣ್ಣಾಕ ಕೂಡವಲ್ಲರು. ಎರಡು ಮನಿಯವರು ಗುಂಪ ಬಿಟ್ಟು ಹ್ವಾದರು. ನಾ ದೇವರ ಮ್ಯಾಲ ಆಣಿ ಮಾಡಿ ಹೇಳೀನಿ, ನಂಬಲಿಲ್ಲ. ಈಗ ನೀವೇ ಬಂದು ಶೆಡ್ಡಿನ್ಯಾಗ ಎಲ್ಲಾರ ಮುಂದ ಹೇಳ್ರಿ.”

ಹೋದೆ. ಮಧ್ಯಾಹ್ನದ ಊಟದ ಹೊತ್ತು. ಗಂಡಸರು ಹೆಂಗಸರು ಎಲ್ಲ ಇದ್ದರು. ನಿಂತು ಹೇಳಿದೆ. ಯಾರೂ ಬೈಯಲಿಲ್ಲ. ಒಬ್ಬ ಮುದುಕಿ, “ಒಟ್ಟಿಗಿ ಬಂದದ್ದ ತಪ್ಪಾತೇನವ್ವ ಹಂಗಾರ?” ಎಂದು ಕೇಳಿದಳು. ಇಲ್ಲ ಎಂದೆ. ನಾನು ಹೊರಡುವಾಗ ಮೇಸ್ತ್ರಿ ತನ್ನ ಬುತ್ತಿ ಬಿಚ್ಚಿಕೊಂಡು ಒಂದು ಮೂಲೆಯಲ್ಲಿ ಕೂತಿದ್ದ. ಆ ಹೆಂಗಸಿನ ಗಂಡ ಎದ್ದು ಹೋಗಿ ಸ್ವಲ್ಪ ದೂರದಲ್ಲಿ ಕೂತ. ಪಕ್ಕದಲ್ಲೇ ಅಲ್ಲ, ಸ್ವಲ್ಪ ದೂರದಲ್ಲಿ.

ಆಫೀಸಿಗೆ ಮರಳುವಷ್ಟರಲ್ಲಿ ಸುದ್ದಿ ತಲುಪಿತ್ತು. ಮ್ಯಾನೇಜರು ಆಗಲೂ ದನಿ ಏರಿಸಲಿಲ್ಲ. ನನ್ನನ್ನು ಆ ಕೆಲಸದಿಂದ ತೆಗೆದು, ಯಾರಿಗೂ ಬೇಡವಾದ ಹಳೆಯದೊಂದು ಪ್ರೋಗ್ರಾಮಿನ ಪರೀಕ್ಷೆಗೆ ಹಾಕಿದರು. ದಿನವಿಡೀ ಒಂದೇ ಪರದೆಯ ಮೇಲೆ ಒಂದೇ ಗುಂಡಿ ಒತ್ತಿ, ಬಂದದ್ದನ್ನು ಬರೆದಿಡುವುದು. ಬಿಟ್ಟು ಹೋಗಬೇಕೆನಿಸಿತು. ಫೈಲು ಕೇಳಿದೆ. ಅವಧಿ ಮುಗಿದ ಮೇಲೆ ಎಂದರು. ಬಿಲ್ಡರು ನಮ್ಮ ಕಂಪನಿಯನ್ನು ಬಿಡಲಿಲ್ಲ, ಅದು ಬೇರೆ ಮಾತು. ಪಟ್ಟಿಯ ಕೊನೆಯಲ್ಲಿ ಒಟ್ಟು ಅರ್ಜಿ ಇಷ್ಟು, ಒಟ್ಟು ಹೆಸರು ಇಷ್ಟು ಎಂದು ಎರಡು ಸಾಲು ಹಾಕಿ ಎಂದಷ್ಟೇ ಕೇಳಿದನಂತೆ. ಅದನ್ನು ಬರೆದವರು ಹಿರಿಯರು. ಒಂದು ತಿಂಗಳು ಅವರು ನನ್ನ ಜೊತೆ ಚಹಾಕ್ಕೆ ಬರಲಿಲ್ಲ. ಆಮೇಲೊಂದು ದಿನ ಲಿಫ್ಟಿನಲ್ಲಿ ಇಬ್ಬರೇ ಇದ್ದಾಗ, “ನಾನೂ ಬರ್ಬೇಕಿತ್ತು ಅವತ್ತು ನಿಮ್ ಜೊತೆ” ಎಂದರು. ಮುಂದಿನ ಮಹಡಿಯಲ್ಲಿ ಜನ ಹತ್ತಿದರು, ಮಾತು ಅಲ್ಲಿಗೇ ನಿಂತಿತು.

ಅವಳಿಗೆ ಕೋಣೆ ಸಿಕ್ಕಿದ್ದು ನವೆಂಬರಿನಲ್ಲಿ. ಸಾಲಿನಲ್ಲಿ ಅವಳು ಏಳನೆಯವಳಾಗಿದ್ದಳು. ಅಕ್ಟೋಬರಿನಲ್ಲಿ ಹಂಚಿಕೆ ಮತ್ತೆ ಶುರುವಾಗಿ ತಿಂಗಳಿಗೆ ನಾಲ್ಕು ಕೋಣೆಯಂತೆ ಬರುವಷ್ಟರಲ್ಲಿ ಮಳೆ ನಿಂತು ಚಳಿ ಬಂದಿತ್ತು. ಗಂಡನ ಫೋನಿನಿಂದ ನನಗೆ ತಿಳಿಸಿದಳು. ಶೆಡ್ಡಿಗೆ ಹೋದ ದಿನ ನನ್ನ ನಂಬರು ಬರೆಸಿಕೊಂಡಿದ್ದಳು. ಮೇಸ್ತ್ರಿಯ ಹೆಂಡತಿ ಊರಿನಿಂದ ಬರಲೇ ಇಲ್ಲ, ಅವನು ತನ್ನ ಪಾಳಿಯನ್ನೇ ಬಿಟ್ಟುಕೊಟ್ಟ ಎಂದೂ ಹೇಳಿದಳು. ಕೋಣೆಯಲ್ಲಿ ಅವರು ಇದ್ದದ್ದು ನಾಲ್ಕು ತಿಂಗಳು. ಮಾರ್ಚಿನಲ್ಲಿ ಆ ಸೈಟಿನ ಕೆಲಸ ಮುಗಿದು ಗುಂಪು ಚಾಕಣದ ಕಡೆ ಹೋಯಿತು.

ಹೋದ ವಾರ ಊಟದ ಬಿಡುವಿನಲ್ಲಿ ಅವಳ ಫೋನು ಬಂತು. ನಾನು ಕ್ಯಾಂಟೀನಿನ ಕಿಟಕಿಯ ಹತ್ತಿರ ಹೋಗಿ ಮಾತಾಡಿದೆ. ಅಲ್ಲಿಯೂ ಕೋಣೆಗಳಿವೆಯಂತೆ, ಅಲ್ಲಿಯೂ ಕಂಪ್ಯೂಟರಿನ ಪಟ್ಟಿಯೇ ಅಂತೆ.

“ಅದನ್ನ ಮಾಡೂರು ನೀವೇ ಏನ್ರಿ?”

“ಅಲ್ರಿ. ಯಾರು ಅಂತ ನನಗ ಗೊತ್ತಿಲ್ಲ.”

“ಕೇಳಾಕ ಬರೂದಿಲ್ಲೇನು?”

“ನನಗ ಬರೂದಿಲ್ರಿ. ನೀವೇ ಕೇಳ್ರಿ. ಅರ್ಜಿ ಎಷ್ಟ ಬಂದಾವ, ಪಟ್ಟಿನ್ಯಾಗ ಹೆಸರ ಎಷ್ಟ ಅದಾವ, ಎರಡೂ ಎಣಿಸಿ ತೋರಸ್ರಿ ಅಂತ ಕೇಳ್ರಿ.”

ಅವಳ ಹಿಂದೆ ಯಾವುದೋ ಯಂತ್ರ ತಿರುಗುವ ಸದ್ದು ಕೇಳುತ್ತಿತ್ತು.

“ಇಲ್ಲಿ ಪಟ್ಟಿ ಗೋಡೆಗಿ ಅಂಟಸೂದೇ ಇಲ್ರಿ” ಎಂದಳು. “ಒಳಗ ಕುಂತು ಹೆಸರ ಕೂಗತಾರ. ಹೆಸರ ಬಂದವರು ಹೋಗತಾರ.”